ಗಾಳಿ ಎಲ್ಲರದು, ಸುದ್ದಿ ಯಾರದು?

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ರೇಡಿಯೋ ಇದ್ದದ್ದು ಊರ ಯಜಮಾನರ ಜಗಲಿ ಮೇಲೆ. ಕೇರಿ ಹುಡುಗರು ನಾವು ಅಂಗಳದಾಚೆ ನಿಂತು ಕೇಳ್ತಿದ್ವಿ. ವಾರ್ತೆ ಬರ್ತಿತ್ತು, ಕೃಷಿರಂಗ ಬರ್ತಿತ್ತು, ಚಿತ್ರಗೀತೆ ಬರ್ತಿತ್ತು. ನಮ್ಮ ಕೇರಿ ಮಾತ್ರ ಒಂದು ದಿನವೂ ಬರಲಿಲ್ಲ.

ಬಾಬಾಸಾಹೇಬರಿಗೆ ಈ ನೋವು ಗೊತ್ತಿತ್ತು. 1920ರ ಜನವರಿ 31ರಂದು ಅವರು ಶುರು ಮಾಡಿದ ಪತ್ರಿಕೆಯ ಹೆಸರೇ ‘ಮೂಕನಾಯಕ’. ನಮ್ಮ ಮಾತನ್ನ ಬೇರೆಯವರು ಆಡೋದಿಲ್ಲ, ನಾವೇ ಆಡಬೇಕು ಅನ್ನೋ ಪಾಠ ಅಲ್ಲಿಂದ ಬಂದದ್ದು. ಆದರೆ ಪತ್ರಿಕೆಗೆ ಅಕ್ಷರ ಬೇಕು. ಅಕ್ಷರ ಕಸಿದುಕೊಂಡವರ ನಾಡಲ್ಲಿ ನಮ್ಮ ಅವ್ವಂದಿರಿಗೆ ಉಳಿದದ್ದು ದನಿ ಒಂದೇ. ಅದಕ್ಕೇ ನನಗೆ ಸಮುದಾಯ ರೇಡಿಯೋದ ಚರಿತ್ರೆ ಮುಖ್ಯ ಅನಿಸೋದು.

1995ರಲ್ಲಿ ಸುಪ್ರೀಂ ಕೋರ್ಟ್ ಒಂದು ಕ್ರಿಕೆಟ್ ಪ್ರಸಾರದ ಕೇಸಲ್ಲಿ ತೀರ್ಪು ಕೊಡ್ತಾ, ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಹೇಳ್ತು. ಕೆರೆ ನೀರು ಎಲ್ಲರದು ಅಂದ ಹಾಗೆ. ಮಹಾಡ್‌ನಲ್ಲಿ ಏನಾಯ್ತು ಅಂತ ಗೊತ್ತಿರೋ ನಮಗೆ, ಕಾಗದದ ಮೇಲಿನ ಹಕ್ಕು ಬೊಗಸೆಗೆ ಬರೋಕೆ ಎಷ್ಟು ಕಾಲ ಬೇಕು ಅಂತಲೂ ಗೊತ್ತು.

ನಮ್ಮ ಬೀದರಿನ ಪಕ್ಕದಲ್ಲೇ, ಜಹೀರಾಬಾದ್ ಸೀಮೆಯ ಮಾಚನೂರಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಂಗಸರು 1998ರ ಹೊತ್ತಿಗೇ ಕಾರ್ಯಕ್ರಮ ರೆಕಾರ್ಡ್ ಮಾಡೋಕೆ ಶುರು ಮಾಡಿದ್ರು. ಹೆಚ್ಚಿನವರು ದಲಿತರು, ತುಂಡು ಒಣಭೂಮಿಯ ಬಡವರು. ಲೈಸೆನ್ಸ್ ಸಿಗಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ. ಕ್ಯಾಸೆಟ್ ಹೊತ್ತು ಊರೂರಿನ ಸಂಘಗಳಿಗೆ ಹೋಗಿ ಕೇಳಿಸಿದ್ರು. ಹತ್ತು ವರ್ಷ ಹೀಗೇ. 2008ರ ಅಕ್ಟೋಬರ್ 15ಕ್ಕೆ ‘ಸಂಘಂ ರೇಡಿಯೋ’ ಗಾಳಿಗೆ ಬಂತು. ನಡೆಸಿದವರು ಇಬ್ಬರು ದಲಿತ ಹೆಣ್ಣುಮಕ್ಕಳು, ಇಬ್ಬರ ಹೆಸರೂ ನರ್ಸಮ್ಮ. ರೇಡಿಯೋದವರು ಅಂದ್ರೆ ಪಟ್ಟಣದ ಓದಿದ ಗಂಡಸರು ಅಂದ್ಕೊಂಡಿದ್ದ ಕಾಲ ಅದು.

ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲೂ ಇದೇ ಕಥೆ. ಲೈಸೆನ್ಸ್ ಇಲ್ಲ ಅಂದಾಗ ‘ನಮ್ಮ ಧ್ವನಿ’ಯವರು 2003ರಲ್ಲಿ ಟಿವಿಯ ಕೇಬಲ್ ಹಿಡಿದು ಮನೆಮನೆಗೆ ದನಿ ಮುಟ್ಟಿಸಿದ್ರು. ಗಾಳಿ ಕೊಡದಿದ್ರೆ ತಂತಿ!

ಕೊನೆಗೆ 2006ರಲ್ಲಿ ಸರ್ಕಾರ ಸಂಘ ಸಂಸ್ಥೆಗಳಿಗೂ ರೇಡಿಯೋ ತೆರೀತು. ತೆರೆದ ಕೈಯಲ್ಲೇ ಬೀಗವನ್ನೂ ಹಾಕ್ತು: ಸುದ್ದಿ ಹೇಳಬಾರದು, ಪ್ರಚಲಿತ ವಿದ್ಯಮಾನ ಹೇಳಬಾರದು, ರಾಜಕೀಯ ಆಡಬಾರದು.

ಅದೇ 2006ರಲ್ಲಿ ನಮ್ಮದೇ ಜಿಲ್ಲೆಯಲ್ಲಿ ಇನ್ನೊಂದು ಆಯ್ತು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಮನೆಯೊಳಗೆ ಕೂಡಿ ಜೀವಂತ ಸುಟ್ಟ ಕೇಸಲ್ಲಿ ಆರೋಪಿಗಳೆಲ್ಲ ಖುಲಾಸೆ ಆದ್ರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಈಗ ಯೋಚನೆ ಮಾಡಿ. ಆ ಜಿಲ್ಲೆಯ ಒಂದು ಕೇರಿಯಲ್ಲಿ ನಮ್ಮದೇ ರೇಡಿಯೋ ಇದ್ದಿದ್ರೂ, ಆ ನಿಯಮದ ಪ್ರಕಾರ ಈ ತೀರ್ಪಿನ ಬಗ್ಗೆ ಒಂದು ಮಾತೂ ಆಡೋ ಹಾಗಿರಲಿಲ್ಲ. ನವಣೆ ಬಿತ್ತೋದು ಹೇಗೆ ಅಂತ ಹೇಳಬಹುದು. ಸುಟ್ಟವರು ಯಾರು ಅಂತ ಕೇಳೋ ಹಾಗಿಲ್ಲ. ಟಿವಿಯವರು ಮಾತ್ರ ದಿನವಿಡೀ ಸುದ್ದಿ ಕೂಗಬಹುದು!

ಈ ನಿಷೇಧವನ್ನ ಪ್ರಶ್ನಿಸಿ 2013ರಲ್ಲಿ ‘ಕಾಮನ್ ಕಾಸ್’ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯ್ತು. ಆಮೇಲೆ ಸಿಕ್ಕ ರಿಯಾಯಿತಿ ಇಷ್ಟೇ: ಆಕಾಶವಾಣಿಯ ವಾರ್ತೆಯನ್ನ ಮಾತ್ರ ಹಾಗೇ, ಇಲ್ಲವೇ ಸ್ಥಳೀಯ ಭಾಷೆಗೆ ಅನುವಾದಿಸಿ ಬಿತ್ತರಿಸಿ. ಅಂದ್ರೆ ಮತ್ತೆ ಜಗಲಿ ಮೇಲಿನ ರೇಡಿಯೋನೇ.

‘ಈಗ ಯೂಟ್ಯೂಬ್ ಇದೆಯಲ್ಲ, ರೇಡಿಯೋ ಯಾಕೆ?’ ಅಂತ ಕೆಲವು ಗೆಳೆಯರು ಕೇಳ್ತಾರೆ. ಎಷ್ಟು ಮನೆಗಳಲ್ಲಿ ಅವ್ವನ ಕೈಲಿ ಸ್ಮಾರ್ಟ್‌ಫೋನ್ ಇದೆ ಹೇಳಿ? ಗಲಾಟೆ ಆದ ದಿನ ಮೊದಲು ಬಂದ್ ಆಗೋದು ಇಂಟರ್ನೆಟ್ಟೇ. ರೇಡಿಯೋಗೆ ಡೇಟಾ ಬೇಡ, ಅಕ್ಷರ ಬೇಡ, ಕಳೆ ಕೀಳ್ತಾನೇ ಕೇಳಬಹುದು.

ಮಾಚನೂರಿನ ಹೆಂಗಸರು ಲೈಸೆನ್ಸಿಗೆ ಕಾಯ್ತಾ ಬಾಯಿ ಮುಚ್ಚಿಕೊಂಡು ಕೂತಿರಲಿಲ್ಲ. ನಾವೂ ಕೂರೋದು ಬೇಡ. ನಿಮ್ಮ ಕೇರಿಯ ಹಿರಿಯರು, ಹೋರಾಟ ಕಂಡವರು ಇನ್ನೂ ಇದ್ದಾಗಲೇ ಅವರ ಮಾತನ್ನ ಫೋನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಜೊತೆಗೆ ಸುದ್ದಿಯ ಹಕ್ಕನ್ನ ನಮ್ಮ ಬೇಡಿಕೆಗಳ ಪಟ್ಟಿಗೆ ಸೇರಿಸಿ. ಭೂಮಿ ಕೇಳಿದ್ದೀವಿ, ನೀರು ಕೇಳಿದ್ದೀವಿ. ಗಾಳಿಯೂ ನಮ್ಮದೇ.

ಜೈ ಭೀಮ್.