ತರಗತಿಯ ಮೌನ

ಹೆಣ್ಣು ನೋಡುವ ಶಾಸ್ತ್ರದಲ್ಲಿ ಮೌನಕ್ಕೆ ಸಮ್ಮತಿ ಎಂದು ಅರ್ಥ. ಇಂಗ್ಲಿಷ್ ತರಗತಿಯಲ್ಲಿ ಅದೇ ಮೌನಕ್ಕೆ ದಡ್ಡತನ ಎಂದು ಹೆಸರು. ಟೀಚರು ಇಂಗ್ಲಿಷಿನಲ್ಲಿ ಏನೋ ಕೇಳುತ್ತಾರೆ, ಹುಡುಗಿ ಎದ್ದು ನಿಂತು ನೆಲ ನೋಡುತ್ತಾಳೆ. 'ಕುಳಿತುಕೋ' ಎಂದು ಪ್ರಶ್ನೆ ಮುಂದಿನ ಬೆಂಚಿಗೆ ಹೋಗಿಬಿಡುತ್ತದೆ.

ಈ ಮೌನಕ್ಕೂ ಚರಿತ್ರೆಯಿದೆ. ನಮ್ಮ ಹೊಸಪೇಟೆ, ಹಂಪಿ, ಕಂಪ್ಲಿಗಳು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಘೋರ್ಪಡೆಯವರ ಸಂಸ್ಥಾನವಾಗಿದ್ದ ಸಂಡೂರೂ 1949ರಲ್ಲಿ ಮದ್ರಾಸಿಗೇ ಸೇರಿತ್ತು. ಆಗ ಇಂಗ್ಲಿಷ್ ಎಂದರೆ ಕಚೇರಿಯ ಭಾಷೆ. ಓದಿ ಬರೆದರೆ ಸಾಕು. ಆಮೇಲೆ ಬಂದದ್ದು ಟೀಚರು ಹೇಳಿದ ವಾಕ್ಯವನ್ನು ಇಡೀ ತರಗತಿ ಒಕ್ಕೊರಲಿನಿಂದ ಹೇಳುವ ಪದ್ಧತಿ. ಗುಂಪಿನಲ್ಲಿ ಯಾರ ತಪ್ಪೂ ಕೇಳಿಸದು. ಆದರೆ ಒಬ್ಬಳನ್ನೇ ಎಬ್ಬಿಸಿ ಕೇಳಿದರೆ ಗಂಟಲು ಕಟ್ಟುತ್ತದೆ. 'ಗೊತ್ತೈತ್ರಿ, ಹೇಳಾಕ ಬರವಲ್ದು' ಎನ್ನುವುದು ನಮ್ಮ ಕಡೆಯ ಮಕ್ಕಳ ನಿಜವಾದ ಕಷ್ಟ.

1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮುಂತಾದ ಕಡೆ ಬೇರೆ ದಾರಿ ಹಿಡಿದು ನೋಡಿದರು. ನಕ್ಷೆ, ರೈಲಿನ ವೇಳಾಪಟ್ಟಿ ಮುಂದಿಟ್ಟು ಪ್ರಶ್ನೆ ಕೇಳುವುದು. ಮಗು ಒಂದೇ ಪದದಲ್ಲಿ ಉತ್ತರಿಸಿದರೂ ಒಪ್ಪಿಕೊಳ್ಳುವುದು. ಮನಸ್ಸು ರೈಲಿನ ಹೊತ್ತನ್ನು ಹುಡುಕುವಾಗ ನಾಲಿಗೆಯ ಭಯ ಹಿಂದೆ ಸರಿಯುತ್ತದೆ. 'ಬೆಂಗಳೂರು ಪ್ರಾಜೆಕ್ಟ್' ಎಂದು ಅದು ಹೊರದೇಶಗಳಲ್ಲೂ ಹೆಸರಾಯಿತು.

ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದ ಮಕ್ಕಳೂ ಬಾಯಿ ಬಿಡುತ್ತಾರೆ. ಅದು ಅವರ ಸ್ವಂತ ಭಾಷೆಯ ತರಗತಿಗಳ ಮಾತು. ನಮ್ಮ ಮಗುವಾದರೋ ಇಂಗ್ಲಿಷಿನಲ್ಲಿ ಕೇಳಿಸಿಕೊಂಡು, ಕನ್ನಡದಲ್ಲಿ ಯೋಚಿಸಿ, ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಒಗ್ಗರಣೆಯ ಸಾಸಿವೆ ಸಿಡಿಯುವವರೆಗೆ ಕಾಯುವ ನಾವು ಮಗುವಿಗೆ ಅಷ್ಟು ಹೊತ್ತು ಕೊಡಬಾರದೇ?

2007-08ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಗೆ ಇಂಗ್ಲಿಷ್ ಬಂತು. ಮನೆಯಲ್ಲಿ ಆ ಭಾಷೆಯ ಗಾಳಿಯೇ ಇಲ್ಲದ ಪುಟ್ಟ ಹುಡುಗಿಯೂ ಈಗ ಎದ್ದು ನಿಂತು ಉತ್ತರಿಸಬೇಕು. 'ಎದುರು ಮಾತಾಡಬೇಡ' ಎಂದು ಮನೆಯಲ್ಲಿ ಕಲಿಸಿ, ಶಾಲೆಯಲ್ಲಿ ಥಟ್ಟನೆ ಉತ್ತರ ಹೇಳು ಎಂದರೆ ಅವಳೇನು ಮಾಡಿಯಾಳು? ಅಲ್ಲಿ ಕಲಿತ ಮೌನ ಮುಂದೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕೆಲಸದ ಸಂದರ್ಶನದಲ್ಲಿ ಅವಳ ಬೆನ್ನು ಬಿಡುವುದಿಲ್ಲ. ತಾಯಂದಿರಾದ ನಮಗೆ ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ. ಮಗಳನ್ನು ಏನಾದರೂ ಕೇಳಿದಾಗ ಉತ್ತರ ಬರುವವರೆಗೆ ಅವಳ ಮುಖ ನೋಡುತ್ತ ಕಾಯೋಣ, ತಡವರಿಸಿದರೆ ನಗದಿರೋಣ.