ಕೀ ಕೊಡುವ ಮುನ್ನ ಬಿಲ್ಡರ್ ಕೇಳುವ ಹೆಚ್ಚುವರಿ ಹಣ: ಯಾವುದು ಕೊಡಬೇಕು, ಯಾವುದು ಬೇಡ?

ಹೊಸ ಫ್ಲ್ಯಾಟ್‌ನ ಕಂತುಗಳೆಲ್ಲ ಮುಗಿದಿವೆ, ಗೃಹಪ್ರವೇಶಕ್ಕೆ ಮುಹೂರ್ತವೂ ಗೊತ್ತಾಗಿದೆ. ಆಗ ಬಿಲ್ಡರ್ ಕಚೇರಿಯಿಂದ ಇನ್ನೊಂದು ಪತ್ರ ಬರುತ್ತದೆ: ಕ್ಲಬ್‌ಹೌಸ್ ಶುಲ್ಕ, ಮೀಟರ್ ಶುಲ್ಕ, ಕಾನೂನು ವೆಚ್ಚ, ಎರಡು ವರ್ಷದ ಮೇಂಟೆನೆನ್ಸ್ ಮುಂಗಡ. ಎಲ್ಲ ಸೇರಿ ಕೆಲವು ಲಕ್ಷ. ಕಟ್ಟಿದರಷ್ಟೇ ಕೀ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಇಎಂಐ ಕಟ್ಟುತ್ತಿರುವ ಕುಟುಂಬ ಈ ಹೊತ್ತಿನಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ ಎಂಬುದು ಪತ್ರ ಕಳಿಸಿದವರಿಗೂ ಗೊತ್ತು.

ಶುಲ್ಕದ ಹೆಸರು ಊರಿಂದ ಊರಿಗೆ ಬದಲಾಗುತ್ತದೆ. ಮುಂಬೈ, ಪುಣೆಯಲ್ಲಿ ಫ್ಲೋರ್ ರೈಸ್, ಡೆವಲಪ್‌ಮೆಂಟ್ ಚಾರ್ಜ್. ಹೈದರಾಬಾದ್, ಬೆಂಗಳೂರಿನಲ್ಲಿ ಕಾರ್ಪಸ್ ಫಂಡ್. ದೆಹಲಿ ಸುತ್ತಮುತ್ತ ಪಿಎಲ್‌ಸಿ. ಹೆಸರು ಏನೇ ಇರಲಿ, ಮೊದಲು ನೋಡಬೇಕಾದದ್ದು ನೋಂದಾಯಿತ ಮಾರಾಟ ಕರಾರು.

2016ರ ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಕರಾರು ಮಾಡಿ ನೋಂದಣಿ ಮಾಡಿಸದೆ ಬಿಲ್ಡರ್ ಫ್ಲ್ಯಾಟ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಮಹಾರಾಷ್ಟ್ರದ ಮಾದರಿ ಕರಾರಿನಲ್ಲಿ ಬೆಲೆ ಏರುವಂತಿಲ್ಲ ಎಂದೇ ಬರೆದಿದೆ. ಸರ್ಕಾರಿ ಪ್ರಾಧಿಕಾರ ಶುಲ್ಕ ಹೆಚ್ಚಿಸಿದರೆ ಮಾತ್ರ ಅದಕ್ಕೆ ವಿನಾಯಿತಿ. ಆಗಲೂ ಬಿಲ್ಡರ್ ಸಂಬಂಧಪಟ್ಟ ಆದೇಶದ ಪ್ರತಿಯನ್ನು ಬೇಡಿಕೆ ಪತ್ರದ ಜೊತೆ ಲಗತ್ತಿಸಬೇಕು. ಸಿಮೆಂಟ್, ಕಬ್ಬಿಣ ದುಬಾರಿಯಾಯಿತು ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ವಿಸ್ತೀರ್ಣ ಹೆಚ್ಚಾಗಿದೆ ಎಂಬ ಬೇಡಿಕೆಯೂ ಸಾಮಾನ್ಯ. ಲೆಕ್ಕ ಕಾರ್ಪೆಟ್ ಏರಿಯಾದ ಮೇಲೆ ನಡೆಯಬೇಕು, ಸೂಪರ್ ಬಿಲ್ಟ್‌ಅಪ್ ಮೇಲಲ್ಲ. ಹೊರಗೋಡೆ, ಬಾಲ್ಕನಿ, ಸ್ವಂತ ಟೆರೇಸ್ ಕಾರ್ಪೆಟ್ ಏರಿಯಾಗೆ ಸೇರುವುದಿಲ್ಲ; ಒಳಗಿನ ಗೋಡೆಗಳು ಸೇರುತ್ತವೆ. ಮಹಾರಾಷ್ಟ್ರದ ಮಾದರಿ ಕರಾರು ಈ ವ್ಯತ್ಯಾಸಕ್ಕೆ ಶೇ. 3ರ ಮಿತಿ ಹಾಕಿದೆ. ವಿಸ್ತೀರ್ಣ ಕಡಿಮೆ ಬಂದರೆ ಹಣ ಖರೀದಿದಾರರಿಗೆ ವಾಪಸ್ ಬರಬೇಕು, ಆದರೆ ಅಂಥ ಪತ್ರವನ್ನು ಬಿಲ್ಡರ್ ತಾನಾಗಿ ಕಳಿಸುವುದು ಅಪರೂಪ. ಸ್ವಂತ ಖರ್ಚಿನಲ್ಲಿ ಅಳತೆ ಮಾಡಿಸುವುದು ಒಳ್ಳೆಯದು.

ಪಾರ್ಕಿಂಗ್ ವಿಷಯದಲ್ಲಿ ಕಾನೂನು ಸ್ಪಷ್ಟ. ತೆರೆದ ಪಾರ್ಕಿಂಗ್ ಜಾಗ ರೇರಾ ಪ್ರಕಾರ ಎಲ್ಲರಿಗೂ ಸೇರಿದ ಸಾಮಾನ್ಯ ಪ್ರದೇಶ, ಅದನ್ನು ಮಾರುವಂತಿಲ್ಲ. ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಮುಂಬೈನ ಸೊಸೈಟಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಹಾಗೆಂದು ಎಲ್ಲ ಶುಲ್ಕವೂ ಅಕ್ರಮವಲ್ಲ. ನೋಂದಣಿ ವೆಚ್ಚ, ತಮ್ಮ ಪಾಲಿನ ನೀರು, ವಿದ್ಯುತ್, ಮೇಂಟೆನೆನ್ಸ್ ಖರೀದಿದಾರರೇ ಕೊಡಬೇಕು. ಆದರೆ ಸ್ವಾಧೀನ ಕೊಡುವವರೆಗಿನ ಆಸ್ತಿ ತೆರಿಗೆಯಂಥ ಬಾಕಿಗಳು ಬಿಲ್ಡರ್‌ಗೆ ಸೇರಿದ್ದು. ಬಾಕಿ ಉಳಿಸಿಕೊಂಡರೆ ಬಡ್ಡಿ ಬೀಳುವುದರಿಂದ ಪತ್ರಕ್ಕೆ ಉತ್ತರಿಸದೆ ಸುಮ್ಮನಿರುವುದು ತಪ್ಪು. ಪ್ರತಿ ಶುಲ್ಕಕ್ಕೂ ಕರಾರಿನ ಯಾವ ಷರತ್ತು ಆಧಾರ ಎಂದು ಇಮೇಲ್ ಮೂಲಕ ಕೇಳಬೇಕು. ಕೀ ತುರ್ತಾಗಿ ಬೇಕಿದ್ದರೆ, ಆಕ್ಷೇಪಣೆ ಉಳಿಸಿಕೊಂಡೇ ಹಣ ಕಟ್ಟುತ್ತಿದ್ದೇವೆ ಎಂದು ಲಿಖಿತವಾಗಿ ತಿಳಿಸಿ ಕಟ್ಟಬಹುದು. ‘ನನ್ನದು ಯಾವ ತಕರಾರೂ ಇಲ್ಲ’ ಎಂಬ ಮುಚ್ಚಳಿಕೆಗೆ ಓದದೆ ಸಹಿ ಹಾಕಬಾರದು.

ಕರಾರಿನಲ್ಲೇ ಅನ್ಯಾಯದ ಷರತ್ತು ಇದ್ದರೆ? ಬಿಲ್ಡರ್ ಪರವಾಗಿಯೇ ಬರೆದ ಏಕಪಕ್ಷೀಯ ಷರತ್ತುಗಳಿಗೆ ಖರೀದಿದಾರರು ಬದ್ಧರಾಗಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ನೀಡಿದೆ.

ದೂರು ಕೊಡಲು ಎರಡು ದಾರಿ: ರೇರಾ ಪ್ರಾಧಿಕಾರ ಅಥವಾ ಗ್ರಾಹಕ ಆಯೋಗ. ಯಾವುದು ಬೇಕೆಂಬ ಆಯ್ಕೆ ಖರೀದಿದಾರರದ್ದು ಎಂದು 2020ರಲ್ಲಿ ನ್ಯಾಯಾಲಯ ಹೇಳಿದೆ. ಎಂಟು ಫ್ಲ್ಯಾಟ್ ಮೀರದ ಸಣ್ಣ ಕಟ್ಟಡಗಳಿಗೆ ರೇರಾ ನೋಂದಣಿ ಕಡ್ಡಾಯವಲ್ಲ. ಅಂಥಲ್ಲಿ ಗ್ರಾಹಕ ಆಯೋಗವೇ ಸುಲಭ. ಅಲ್ಲಿ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಕೊಟ್ಟ ಹಣ 50 ಲಕ್ಷ ರೂ.ವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿ ರೂ.ವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ.

ಹೊರರಾಜ್ಯದಲ್ಲಿದ್ದುಕೊಂಡು ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಒಂದು ಅನುಕೂಲವಿದೆ. ರೇರಾ ದೂರನ್ನು ಯೋಜನೆ ಇರುವ ರಾಜ್ಯದಲ್ಲೇ, ಅಂದರೆ ಕರ್ನಾಟಕ ರೇರಾಗೆ ಕೊಡಬೇಕು. ಅದನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಊರಿನ ಜಿಲ್ಲಾ ಆಯೋಗಕ್ಕೇ ಹೋಗಬಹುದು. ಮುಂಬೈ ನಿವಾಸಿ ಪ್ರತಿ ವಿಚಾರಣೆಗೂ ಬೆಂಗಳೂರಿಗೆ ರೈಲು ಹತ್ತಬೇಕಿಲ್ಲ.