ಹಸಿರು ಮರವೂ ಒಳಗೆ ಪೊಳ್ಳಿರಬಹುದು: ಗಾಳಿ-ಮಳೆಗೆ ಮುನ್ನ ಗುರುತಿಸುವುದು ಹೇಗೆ?

ಹುಲಿಗಿ: ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಹುಲಿಗೆಮ್ಮ ದೇವಿ ದರ್ಶನಕ್ಕೆ ಬರುವ ಜನ ಮೊದಲು ಹುಡುಕುವುದು ನೆರಳು. ಕಾಯಿ-ಕರ್ಪೂರದ ಅಂಗಡಿ, ಬಳೆ ಅಂಗಡಿ, ಮಿರ್ಚಿ-ಮಂಡಕ್ಕಿ ಗಾಡಿ, ಎಲ್ಲವೂ ಮರ ಇದ್ದ ಕಡೆಗೇ ನಿಲ್ಲುತ್ತವೆ. ಜಾತ್ರೆ ಬರುವುದು ಮೇ ತಿಂಗಳ ಆಸುಪಾಸಿಗೆ. ಅಡ್ಡಮಳೆಯ ಬಿರುಗಾಳಿ ಬೀಸುವುದೂ ಅದೇ ಹೊತ್ತಿಗೆ. ವರ್ಷದಲ್ಲಿ ಅತಿ ಹೆಚ್ಚು ಜನ ಮರದ ಕೆಳಗೆ ಇರುವ ದಿನಗಳು ಮತ್ತು ಮರ ಬೀಳುವ ಸಾಧ್ಯತೆ ಹೆಚ್ಚಿರುವ ದಿನಗಳು ಹೆಚ್ಚು ಕಮ್ಮಿ ಒಂದೇ ಆಗಿರುವುದರಿಂದ, ಮರದ ಒಳಗಿನ ಕೊಳೆಯನ್ನು ಗುರುತಿಸುವ ಬಗ್ಗೆ ಅಂಗಡಿಕಾರರಿಗೆ ತಿಳಿದಿರುವುದು ಒಳ್ಳೆಯದು.

'ಹಚ್ಚಗ ಐತಲ್ರಿ, ಇದಕ್ಕೇನ ಆಗತೈತಿ' ಎನ್ನುವುದು ಎಲ್ಲೆಡೆ ಕೇಳುವ ಮಾತು. ಆದರೆ ಹಸಿರು ಎಲೆಗೂ ಒಳಗಿನ ಗಟ್ಟಿತನಕ್ಕೂ ನೇರ ಸಂಬಂಧವಿಲ್ಲ. ಬೇರಿನಿಂದ ನೀರು ಮೇಲೇರುವುದು ತೊಗಟೆಯ ಒಳಗಿರುವ ಹೊರಪದರದ ಕಟ್ಟಿಗೆಯಲ್ಲಿ. ನಡುವಿನ ಕೆಚ್ಚು ಜೀವವಿಲ್ಲದ ಭಾಗ, ಅದರ ಕೆಲಸ ಮರವನ್ನು ಎತ್ತಿ ಹಿಡಿಯುವುದಷ್ಟೇ. ಕೆಚ್ಚು ಪೂರ್ತಿ ಕೊಳೆತರೂ ಮರ ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಿ ಹಿಡಿಯುತ್ತದೆ. ಇದರ ಉಲ್ಟಾ ಕೂಡ ನಿಜ. ಕೆಲ ವರ್ಷಗಳಿಂದ ಮಳೆಗಾಲ ಮುಗಿಯುವ ಹೊತ್ತಿಗೆ ಬೇವಿನ ಮರಗಳ ತುದಿ ಸುಟ್ಟಂತೆ ಒಣಗುವುದನ್ನು ಕಂಡು ಜನ ಗಾಬರಿಯಾಗಿದ್ದಾರೆ. ಅದು ಶಿಲೀಂಧ್ರ ಮತ್ತು ಕೀಟದಿಂದ ಬರುವ ತುದಿ ಒಣಗುವ ರೋಗ. ಅಂಥ ಮರ ಬಹುಪಾಲು ಬೇಸಿಗೆಗೆ ಮತ್ತೆ ಚಿಗುರುತ್ತದೆ. ನೋಡಲು ಭಯಂಕರ, ಆದರೆ ಬುಡ ಗಟ್ಟಿ ಇರಬಹುದು. ಅದನ್ನು ಕಡಿಯಲು ಅವಸರ ಬೇಡ.

ಕೊಳೆ ಶುರುವಾಗುವುದು ಗಾಯದಿಂದ

ಮುರಿದ ಕೊಂಬೆ, ಲಾರಿ ತಾಗಿ ಕಿತ್ತ ತೊಗಟೆ, ಬೋರ್ಡಿಗೆ ಹೊಡೆದ ಮೊಳೆ, ಬುಡದಲ್ಲಿ ಕಸಕ್ಕೆ ಹಚ್ಚಿದ ಬೆಂಕಿ, ರಸ್ತೆ ಅಗಲೀಕರಣಕ್ಕೆ ಕತ್ತರಿಸಿದ ಬೇರು, ಇವೆಲ್ಲ ಶಿಲೀಂಧ್ರಕ್ಕೆ ಬಾಗಿಲು. ಮನುಷ್ಯನ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ. ಮರ ಗಾಯದ ಸುತ್ತ ಒಂದು ಗೋಡೆ ಕಟ್ಟಿ, ಅದರ ಹೊರಗೆ ಹೊಸ ಕಟ್ಟಿಗೆ ಬೆಳೆಸಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟರು. ಗೋಡೆ ಗಟ್ಟಿಯಾಗಿದ್ದರೆ ಕೊಳೆ ಒಳಗೇ ನಿಲ್ಲುತ್ತದೆ. ಮತ್ತೆ ಮತ್ತೆ ಗಾಯವಾದರೆ ಗೋಡೆ ಸೋಲುತ್ತದೆ. ಹೊರಗೆ ಬೀಳುವ ಹೊತ್ತಿಗೆ ಒಳಗೆ ವರ್ಷಗಳ ಕೆಲಸ ಮುಗಿದಿರುತ್ತದೆ. ಹುಲಿಗಿಯವರಿಗೆ ಇದು ಬೇಗ ಅರ್ಥವಾದೀತು: ಪಕ್ಕದ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಗುವ ಮುನ್ನ, ದಂಡೆಯ ಮೇಲೆ ನಿಂತು ನೋಡಿದವರಿಗೆ 33 ಗೇಟುಗಳೂ ಒಂದೇ ಥರ ಕಾಣುತ್ತಿದ್ದವು.

ಪೊಳ್ಳಿದ್ದ ಮಾತ್ರಕ್ಕೆ ಅಪಾಯವೇ?

ಅಲ್ಲ. ಬಿದಿರು ಪೊಳ್ಳು, ಆದರೂ ಗಟ್ಟಿ. ಮುಖ್ಯವಾದದ್ದು ಉಳಿದ ಗೋಡೆಯ ದಪ್ಪ. ಲೆಕ್ಕ ಹೀಗಿದೆ: ಕಾಂಡದ ಅಡ್ಡಳತೆ 60 ಸೆಂ.ಮೀ. ಇದ್ದು, ನಡುವೆ 42 ಸೆಂ.ಮೀ. ಪೊಳ್ಳಿದೆ ಎನ್ನಿ. ಸುತ್ತ 9 ಸೆಂ.ಮೀ. ಗಟ್ಟಿ ಕಟ್ಟಿಗೆ ಉಳಿದಂತಾಯಿತು. ಬಾಗುವುದನ್ನು ತಡೆಯುವ ಶಕ್ತಿ ಶೇ 24ರಷ್ಟು ಮಾತ್ರ ಕಡಿಮೆಯಾಗುತ್ತದೆ. ಅದೇ ಪೊಳ್ಳು 54 ಸೆಂ.ಮೀ.ಗೆ ಬೆಳೆದು ಗೋಡೆ 3 ಸೆಂ.ಮೀ.ಗೆ ಇಳಿದರೆ ಉಳಿಯುವ ಶಕ್ತಿ ಶೇ 34 ಅಷ್ಟೇ. ಅಂದರೆ ಮೊದಮೊದಲು ನಷ್ಟ ನಿಧಾನ, ಕೊನೆಗೆ ಒಮ್ಮೆಲೇ. ಜರ್ಮನಿಯ ಕ್ಲಾಸ್ ಮ್ಯಾಥೆಕ್ ಮುರಿದ ಮರಗಳನ್ನು ಅಳೆದು ಕೊಟ್ಟ ಒಂದು ಸೂತ್ರವನ್ನು ಪರಿಣತರು ಇಂದಿಗೂ ಬಳಸುತ್ತಾರೆ: ಗಟ್ಟಿ ಗೋಡೆಯ ದಪ್ಪ, ಕಾಂಡದ ನಡುವಿನಿಂದ ಅಂಚಿನವರೆಗಿನ ಅಳತೆಯ ಸುಮಾರು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಎಚ್ಚರ. ಇದು ಎಲ್ಲೆಡೆ ಹೊಂದುವ ಸೂತ್ರವಲ್ಲ. ಪೊಳ್ಳು ಒಂದು ಬದಿಗೆ ಬಾಯಿ ತೆರೆದಿದ್ದರೆ, ಮರ ವಾಲಿದ್ದರೆ, ಕಾಂಡ ಉದ್ದಕ್ಕೆ ಸೀಳಿದ್ದರೆ ಈ ಲೆಕ್ಕ ನಂಬುವಂತಿಲ್ಲ.

ಬುಡದಿಂದ ನೋಡಿ

ಎಲ್ಲರೂ ತಲೆ ಎತ್ತಿ ಕೊಂಬೆ ನೋಡುತ್ತಾರೆ. ನೋಡಬೇಕಾದ್ದು ಮೊದಲು ಬುಡ. ಬುಡದಲ್ಲಿ ಅಥವಾ ಕಾಂಡಕ್ಕೆ ಅಂಟಿ ಬ್ರಾಕೆಟ್ಟಿನಂತೆ, ಕಂದು ಬಣ್ಣದ ಗಟ್ಟಿ ಅಣಬೆ ಎದ್ದಿದ್ದರೆ ಅದು ದೊಡ್ಡ ಸೂಚನೆ. ತೆಂಗಿನ ತೋಟದವರು 'ಅಣಬೆ ರೋಗ' ಎನ್ನುವ ಗ್ಯಾನೋಡರ್ಮ ಇದೇ ಜಾತಿಯದು. ಹೊಂಗೆ, ಹುಣಸೆ, ಗುಲ್‌ಮೊಹರ್ ಮರಗಳ ಬುಡಕ್ಕೂ ಹತ್ತುತ್ತದೆ. ಅಣಬೆ ಕಿತ್ತು ಎಸೆದರೆ ರೋಗ ಹೋಗುವುದಿಲ್ಲ, ಕಾಣುವ ಗುರುತು ಹೋಗುತ್ತದೆ ಅಷ್ಟೇ. ಕೀಳುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದಿಡುವುದು ಜಾಣತನ.

ನೆಲ ಬಿರುಕು ಬಿಟ್ಟಿದೆಯೇ, ಒಂದು ಬದಿಯ ಮಣ್ಣು ಉಬ್ಬಿದೆಯೇ ನೋಡಬೇಕು. ಹುಟ್ಟಿದಾಗಿನಿಂದ ವಾಲಿ ಬೆಳೆದ ಮರ ತುದಿಯಲ್ಲಿ ಮೇಲಕ್ಕೆ ತಿರುಗಿಕೊಂಡಿರುತ್ತದೆ, ಅದಕ್ಕೆ ಅಷ್ಟು ಚಿಂತೆ ಬೇಡ. ಹೋದ ವರ್ಷ ನೆಟ್ಟಗಿದ್ದು ಈ ವರ್ಷ ವಾಲಿದ್ದರೆ, ಜೊತೆಗೆ ಮಣ್ಣು ಎದ್ದಿದ್ದರೆ, ಬೇರು ಕೈಬಿಟ್ಟಿದೆ ಎಂದೇ ತಿಳಿಯಬೇಕು. ಅಂಥ ಮರದ ಕೆಳಗೆ ಅಂದೇ ಅಂಗಡಿ ಹಚ್ಚಬಾರದು.

ಬುಡದಿಂದ ಬೀಳುವ ಸಣ್ಣ ಹಿಟ್ಟಿನಂಥ ಪುಡಿ, ಕಪ್ಪು ನೀರು ಸೋರಿದ ಕಲೆ, ಕಾಂಡದ ಮೇಲೆ ಅಸಹಜವಾಗಿ ಉಬ್ಬಿದ ಭಾಗ, ಎರಡು ದಪ್ಪ ಕೊಂಬೆ ಇಕ್ಕಟ್ಟಾಗಿ ಸೇರುವಲ್ಲಿ ಸೀಳು, ಇವು ಉಳಿದ ಗುರುತುಗಳು. ಗೆದ್ದಲು ಕಂಡರೆ ಸಾಮಾನ್ಯವಾಗಿ ಅದು ಒಣ ಕಟ್ಟಿಗೆ ಹುಡುಕಿಕೊಂಡು ಬಂದದ್ದು. ಒಳಗೆ ಸತ್ತ ಭಾಗ ಇದೆ ಎಂಬುದಕ್ಕೆ ಅದು ಸಾಕ್ಷಿ. ಗಿಳಿ, ಮರಕುಟಿಗ ಗೂಡು ಕೊರೆದ ಕೊಂಬೆಗೂ ಇದೇ ಮಾತು.

ನಮ್ಮ ಕಡೆ ಎರಡು ಅಭ್ಯಾಸ ಈ ಗುರುತುಗಳನ್ನೇ ಮುಚ್ಚಿಬಿಡುತ್ತವೆ. ಒಂದು, ಅರಳಿ-ಬೇವಿನ ಸುತ್ತ ಕಾಂಡಕ್ಕೆ ತಾಗುವಂತೆ ಕಟ್ಟುವ ಸಿಮೆಂಟ್ ಕಟ್ಟೆ. ಕಟ್ಟೆ ತಪ್ಪಲ್ಲ, ಪೂಜೆಗೂ ಕೂಡಲಿಕ್ಕೂ ಬೇಕು. ಆದರೆ ಕಾಂಡದ ಸುತ್ತ ಒಂದೆರಡು ಅಡಿ ಮಣ್ಣು ಬಿಡದಿದ್ದರೆ ಬುಡದ ತೊಗಟೆ ಕೊಳೆತದ್ದು ಯಾರಿಗೂ ಕಾಣುವುದಿಲ್ಲ. ಇನ್ನೊಂದು, ಸುಣ್ಣ-ಕೆಮ್ಮಣ್ಣಿನ ಪಟ್ಟೆ. ಬಳಿದ ಮೇಲೆ ಎಲ್ಲ ಮರವೂ ಗಟ್ಟಿಯಾಗೇ ಕಾಣುತ್ತದೆ.

ನೋಡಿದ ಮೇಲೆ ಬಡಿದು ಕೇಳಬೇಕು. ಮರದ ಅಥವಾ ರಬ್ಬರ್ ಸುತ್ತಿಗೆಯಿಂದ ಬುಡದಿಂದ ಎದೆ ಎತ್ತರದವರೆಗೆ ಸುತ್ತಲೂ ಮೆಲ್ಲಗೆ ಬಡಿದರೆ ಗಟ್ಟಿ ಕಟ್ಟಿಗೆ 'ಟಕ್' ಎನ್ನುತ್ತದೆ, ಪೊಳ್ಳು 'ಡಬ್' ಎನ್ನುತ್ತದೆ. ಹಲಸಿನ ಹಣ್ಣು ಬಡಿದು ಕೊಳ್ಳುವವರಿಗೆ ಇದು ಹೊಸದಲ್ಲ. ಆದರೆ ತೊಗಟೆ ಸಡಿಲಾಗಿದ್ದರೂ ಅದೇ ಸದ್ದು ಬರುತ್ತದೆ. ಬಿಳಲುಗಳು ಕೂಡಿ ಬೆಳೆದ ಆಲದಲ್ಲಿ ಸದ್ದು ದಾರಿ ತಪ್ಪಿಸುತ್ತದೆ. ಬೇರಿನ ಕೊಳೆಯನ್ನಂತೂ ಸುತ್ತಿಗೆ ಹೇಳುವುದೇ ಇಲ್ಲ.

ಯಂತ್ರಗಳು ಏನು ಮಾಡುತ್ತವೆ?

ಸೋನಿಕ್ ಟೊಮೊಗ್ರಾಫ್ ಎಂಬ ಉಪಕರಣದಲ್ಲಿ ಕಾಂಡದ ಸುತ್ತ ಸೆನ್ಸರ್ ಕಟ್ಟಿ ಒಂದೊಂದನ್ನೇ ಬಡಿಯುತ್ತಾರೆ. ಗಟ್ಟಿ ಕಟ್ಟಿಗೆಯಲ್ಲಿ ಸದ್ದು ಬೇಗ ದಾಟುತ್ತದೆ, ಕೊಳೆತಲ್ಲಿ ಸುತ್ತಿಕೊಂಡು ತಡವಾಗಿ ಬರುತ್ತದೆ. ಆ ಸಮಯಗಳನ್ನು ಕೂಡಿಸಿ ಕಂಪ್ಯೂಟರ್ ಕಾಂಡದ ಅಡ್ಡಸೀಳಿನ ಬಣ್ಣದ ಚಿತ್ರ ಕೊಡುತ್ತದೆ. ರೆಸಿಸ್ಟೋಗ್ರಾಫ್ ಎನ್ನುವುದು ಸಣ್ಣ ಸೂಜಿಯಂಥ ಡ್ರಿಲ್. ಒಳಗೆ ಹೋಗುವಾಗ ಸಿಗುವ ತಡೆಯನ್ನು ಗೆರೆಯಾಗಿ ಬರೆಯುತ್ತದೆ, ಕೊಳೆತಲ್ಲಿ ಗೆರೆ ಕೆಳಗಿಳಿಯುತ್ತದೆ. ಇವೆರಡೂ ದುಬಾರಿ, ಹಳ್ಳಿಯ ಪ್ರತಿ ಮರಕ್ಕೆ ತರಿಸುವಂಥವಲ್ಲ. ಕಡಿಯಲು ಮನಸ್ಸಿಲ್ಲದ, ಬಿಡಲು ಧೈರ್ಯವಿಲ್ಲದ ಹಳೆಯ ದೊಡ್ಡ ಮರಕ್ಕೆ ಮಾತ್ರ ಅರ್ಥಪೂರ್ಣ. ಮರದ ಕುರಿತ ತಾಂತ್ರಿಕ ಸಲಹೆ ಬೇಕಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ.

ಹಳೆಯ ಮರ ಕೈಕೊಟ್ಟ ಉದಾಹರಣೆ ದೂರ ಹುಡುಕಬೇಕಿಲ್ಲ. ಹಾವೇರಿ ಜಿಲ್ಲೆ ಸವಣೂರಿನ ಹೆಸರಾಂತ ಮೂರು ದೊಡ್ಡಹುಣಸೆ ಮರಗಳಲ್ಲಿ ಒಂದು 2023ರ ಜುಲೈ ಮಳೆಯಲ್ಲಿ ಬಿತ್ತು. ಅದನ್ನು ಎತ್ತಿ ಮತ್ತೆ ನೆಟ್ಟರು. ಮೆಹಬೂಬ್‌ನಗರದ ಪಿಲ್ಲಲಮರ್ರಿ ಆಲಕ್ಕೆ ಗೆದ್ದಲು ಹತ್ತಿ ಕೊಂಬೆ ಮುರಿದ ಮೇಲೆ, 2018ರಲ್ಲಿ ಸಲೈನ್ ಬಾಟಲಿಯಂತೆ ಹನಿಹನಿಯಾಗಿ ಔಷಧ ಇಳಿಸಿ, ಭಾರದ ಕೊಂಬೆಗಳಿಗೆ ಆಸರೆ ಕೊಟ್ಟರು. ಬೆಂಗಳೂರು ಬಳಿಯ ದೊಡ್ಡ ಆಲದ ಮರದ ಮೂಲ ಕಾಂಡ ರೋಗಕ್ಕೆ ಹೋಗಿ, ಬಿಳಲುಗಳ ಮೇಲೆಯೇ ಮರ ನಿಂತಿದೆ.

ಮಾಡಬಾರದ್ದು, ಮಾಡಬೇಕಾದ್ದು

ಪೊಟರೆಗೆ ಸಿಮೆಂಟ್ ತುಂಬುವುದು ಹಳೆಯ ತಪ್ಪು. ಮರ ಗಾಳಿಗೆ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಸಂದಿಯಲ್ಲಿ ನೀರು ನಿಂತು ಕೊಳೆ ಹೆಚ್ಚುತ್ತದೆ. ತಲೆ ಪೂರ್ತಿ ಬೋಳಿಸುವುದೂ ಹಾಗೆಯೇ: ಕಡಿದ ಮೋಟುಗಳು ಕೊಳೆಯುತ್ತವೆ, ಅವುಗಳ ಮೇಲೆ ಬರುವ ಹೊಸ ರೆಂಬೆಗಳಿಗೆ ಹಿಡಿತ ಇರುವುದಿಲ್ಲ. ನಾಲ್ಕೈದು ವರ್ಷದಲ್ಲಿ ಅವೇ ದಪ್ಪವಾಗಿ ಮುರಿಯುತ್ತವೆ. ಒಣ ಕೊಂಬೆ ತೆಗೆಯುವುದಾದರೆ, ಅದು ಕಾಂಡಕ್ಕೆ ಸೇರುವಲ್ಲಿನ ಉಬ್ಬಿದ ಉಂಗುರ ಉಳಿಸಿ ಕತ್ತರಿಸಬೇಕು.

ಎಲ್ಲಕ್ಕಿಂತ ಕಡಿಮೆ ಖರ್ಚಿನ ಉಪಾಯ ಬೇರೆ ಇದೆ. ಕೊಳೆತ ಮರ ಹೊಲದ ಬದುವಿನಲ್ಲಿದ್ದರೆ ಬಿದ್ದರೂ ಯಾರಿಗೂ ಏನೂ ಆಗದು. ಅದೇ ಮರ ಟೀ ಅಂಗಡಿಯ ಬೆಂಚಿನ ಮೇಲಿದ್ದರೆ ಅಪಾಯ. ಮರ ಸರಿಸಲು ಆಗುವುದಿಲ್ಲ, ಬೆಂಚು, ಗಾಡಿ, ಬೈಕ್ ಸ್ಟ್ಯಾಂಡ್ ಸರಿಸಬಹುದು. ಗಾಳಿ ಎದ್ದಾಗ ಗಿರಾಕಿಗಳನ್ನು ಮರದ ಕೆಳಗೆ ಕರೆಯುವ ಬದಲು ಕಟ್ಟಡದೊಳಗೆ ಕಳಿಸಬೇಕು. ತಾಡಪತ್ರಿ ಹಗ್ಗವನ್ನು ಸಂಶಯವಿರುವ ಕೊಂಬೆಗೆ ಕಟ್ಟಬಾರದು, ಗಾಳಿಯಲ್ಲಿ ಅದು ಹಾಯಿಯಂತೆ ಎಳೆಯುತ್ತದೆ.

ಕಡಿಯಲೇಬೇಕಿದ್ದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಲಿಖಿತ ಅರ್ಜಿ ಕೊಡಬೇಕು. ಸ್ವಂತ ಜಾಗದ ಮರಕ್ಕೂ ಇದು ಅನ್ವಯ. ಗ್ರಾಮೀಣ ಭಾಗದಲ್ಲಿ ತೆಂಗು, ನೀಲಗಿರಿ, ಸುಬಾಬುಲ್‌ನಂಥ ಕೆಲ ಜಾತಿಗಳಿಗೆ ವಿನಾಯಿತಿ ಇದೆ. ಮರ ಸತ್ತಿದ್ದರೆ, ರೋಗ ಹತ್ತಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಿದ್ದರೆ ಅನುಮತಿ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಅರ್ಜಿಯಲ್ಲಿ 'ಮರ ತೊಂದರೆ ಕೊಡುತ್ತಿದೆ' ಎಂದಷ್ಟೇ ಬರೆಯದೆ, ಅಣಬೆ, ಸೀಳು, ವಾಲಿದ ದಿಕ್ಕು, ಕೆಳಗೆ ಏನಿದೆ ಎಂಬುದನ್ನು ಫೋಟೊ ಸಮೇತ ಬರೆದರೆ ಕೆಲಸ ಹಗುರ. ರಸ್ತೆ ಬದಿಯ ಮರವಾದರೆ ಪಂಚಾಯಿತಿ ಅಥವಾ ರಸ್ತೆ ಯಾರದೋ ಆ ಇಲಾಖೆಗೆ, ದೇವಸ್ಥಾನದ ಆವರಣದ್ದಾದರೆ ಆಡಳಿತ ಕಚೇರಿಗೆ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕೊಂಬೆ ಕರೆಂಟ್ ತಂತಿಗೆ ತಾಗಿದ್ದರೆ ಯಾರೂ ಕೊಡಲಿ ಎತ್ತಬಾರದು, ಮೊದಲು ಜೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ಲೈನ್ ಬಂದ್ ಮಾಡಿಸಬೇಕು.